ವೇವ್‌ಫಾರ್ಮ್‌ಗೆ ಹಸಿರು ಬಳಿದ ಮಾತ್ರಕ್ಕೆ ಸಂಗೀತ ಬೆಟ್ಟ ಆಗಲ್ಲ

ಈಗೀಗ ಒಂದು ಟ್ರೆಂಡ್ ನೋಡ್ತಿದೀನಿ, ಯಾವ್ದೋ ಸಿಂಫನಿನೋ ಆಲಾಪನೆನೋ ತಗೊಂಡು ಸಾಫ್ಟ್‌ವೇರ್‌ಗೆ ಹಾಕೋದು, ಅದರ ವೇವ್‌ಫಾರ್ಮನ್ನ, ಅಂದ್ರೆ ಸದ್ದಿನ ಏರಿಳಿತದ ಗೆರೆಯನ್ನ, ಬೆಟ್ಟದ ಸಾಲು ಮಾಡೋದು, ಮೇಲೊಂದು ಸೂರ್ಯ, ಕೆಳಗೊಂದು ಕೆರೆ, ಸಂಗೀತದ ಲ್ಯಾಂಡ್‌ಸ್ಕೇಪ್ ರೆಡಿ. ನೋಡೋಕೆ ಚೆನ್ನಾಗೇ ಇರತ್ತೆ, ಗೋಡೆಗೆ ಹಾಕ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಅದ್ರಲ್ಲಿ ಸಂಗೀತ ಎಷ್ಟಿದೆ ಅನ್ನೋದೇ ನನ್ನ ತಕರಾರು.

ಆ ಸಾಲು ತೋರ್ಸೋದು ಸದ್ದು ಎಲ್ಲಿ ಜೋರು ಎಲ್ಲಿ ಮೆಲ್ಲಗೆ ಅಂತ, ಅಷ್ಟೇ. ಯಾವ ಸ್ವರ ಅನ್ನೋದು ಕಾಣೋದೇ ಇಲ್ಲ. ಗಾಯಕರು ಮಂದ್ರದಲ್ಲಿ ಒಂದೇ ಸ್ವರದ ಸುತ್ತ ಸುಳಿದಾಡ್ತಾ ಕೇಳೋರನ್ನ ಅಲ್ಲಾಡದ ಹಾಗೆ ಕೂರಿಸ್ತಾರಲ್ಲ, ಆ ಜಾಗ ಚಿತ್ರದಲ್ಲಿ ಬರೀ ಬಯಲು. ತನಿ ಆವರ್ತನ (ಮೃದಂಗದಂಥ ತಾಳವಾದ್ಯದವರ ಸೋಲೋ) ಶುರುವಾಯ್ತೋ, ಹಿಮಾಲಯ!

ಸ್ಪೆಕ್ಟ್ರೋಗ್ರಾಮ್ ಇದಕ್ಕಿಂತ ವಾಸಿ. ಅಡ್ಡಕ್ಕೆ ಸಮಯ, ಎತ್ತರಕ್ಕೆ ಫ್ರೀಕ್ವೆನ್ಸಿ (ಸ್ವರ ಎಷ್ಟು ಮೇಲಿದೆ ಅನ್ನೋದು), ಬಣ್ಣದಲ್ಲಿ ಸದ್ದಿನ ಜೋರು. ಗಮಕ, ಅಂದ್ರೆ ಸ್ವರದ ಓಲಾಟ, ನಿಜವಾಗ್ಲೂ ಅಲೆಅಲೆಯಾಗಿ ಕಾಣತ್ತೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ಜಾರು ಇಳಿಜಾರಾಗೇ ಕಾಣತ್ತೆ. ಆದ್ರೂ ಒಂದು ಎಡವಟ್ಟಿದೆ. ಅದೇ ರಾಗಾನ ಒಬ್ರು ಸಿ ಶ್ರುತಿಲಿ, ಇನ್ನೊಬ್ರು ಜಿ ಶ್ರುತಿಲಿ ಹಾಡಿದ್ರೆ ಬೆಟ್ಟ ಪೂರ್ತಿ ಮೇಲೆ ಕೆಳಗೆ ಸರಿದುಬಿಡತ್ತೆ, ಕೇಳೋರ ಕಿವಿಗೆ ಮಾತ್ರ ರಾಗ ಅದೇ. ಷಡ್ಜಾನೇ (ಹಾಡೋರ ‘ಸ’) ನೆಲ ಅಂತ ಇಟ್ಕೊಂಡು ಅಲ್ಲಿಂದ ಎತ್ತರ ಅಳೀಬೇಕು, ಇಷ್ಟು ಬೇಸಿಕ್ ವಿಷ್ಯಾನೂ ಎಷ್ಟೋ ಜನ ಯೋಚ್ನೆ ಮಾಡಿರಲ್ಲ.

ನಂಗೆ ಇಷ್ಟ ಆಗೋದು ಲಿಥುವೇನಿಯಾದ ಚುರ್ಲಿಯೋನಿಸ್. ಸಂಗೀತ ರಚಿಸ್ತಿದ್ದೋನೂ ಅವನೇ, ಚಿತ್ರ ಬರೀತಿದ್ದೋನೂ ಅವನೇ, 1911ರಲ್ಲಿ 35ನೇ ವಯಸ್ಸಿಗೇ ಹೋಗ್ಬಿಟ್ಟ. 1908ರಲ್ಲಿ ಸಮುದ್ರದ ಸೊನಾಟಾ ಅಂತ ಮೂರು ಚಿತ್ರ ಬರೆದ. ಸೊನಾಟಾ ಅಂದ್ರೆ ಕೆಲವು ಭಾಗಗಳಲ್ಲಿ ಸಾಗೋ ವಾದ್ಯ ಸಂಗೀತ, ಚಿತ್ರಗಳಿಗೂ ಆ ಭಾಗಗಳದ್ದೇ ಹೆಸರು: ಅಲೆಗ್ರೋ (ಚುರುಕು), ಅಂದಾಂತೆ (ನಿಧಾನ), ಫಿನಾಲೆ (ಕೊನೆ). ಅಲೆಗ್ರೋದಲ್ಲಿ ಅಲೆಗಳು ಒಂದರ ಹಿಂದೊಂದು ತಾಳ ಹಾಕ್ದಂಗೆ ಬರ್ತವೆ, ಅಂದಾಂತೆಯಲ್ಲಿ ನೀರು ಶಾಂತ, ಆಳದಲ್ಲಿ ಒಂದು ಕೈ ಹಡಗು ಹಿಡ್ಕೊಂಡಿದೆ, ಫಿನಾಲೆಯಲ್ಲಿ ದೈತ್ಯ ಅಲೆ ಎದ್ದು ನಿಂತಿದೆ, ಅದರ ಬುಡದಲ್ಲಿ ಪುಟಾಣಿ ದೋಣಿಗಳು. ಯಾವ ಸದ್ದನ್ನೂ ಅಳತೆ ಮಾಡಿಲ್ಲ ಪುಣ್ಯಾತ್ಮ, ಸೊನಾಟಾದ ನಡಿಗೆ ಮಾತ್ರ ತಗೊಂಡಿದಾನೆ. ಅದಕ್ಕೇ ಅದು ನಿಲ್ಲತ್ತೆ.

ಒಂದೊಂದು ರಾಗಾನ ಒಂದೊಂದು ದೃಶ್ಯವಾಗಿ ಬರೆದ ನಮ್ಮ ಹಳೇ ರಾಗಮಾಲಾ ಚಿತ್ರಗಳಿಲ್ವಾ ಅಂತ ಕೇಳ್ತೀರಿ, ಗೊತ್ತು. ತೋಡಿ ಅಂದ್ರೆ ವೀಣೆ ಹಿಡಿದ ಹೆಣ್ಣು, ಸುತ್ತ ಜಿಂಕೆ. ಮೇಘ ಅಂದ್ರೆ ಮೋಡ, ಮಳೆ. ಚಿತ್ರ ಅದ್ಭುತ, ಆದ್ರೆ ಜಿಂಕೆ ಇದ್ರೆ ತೋಡಿ ಅಂತ ಸಂಪ್ರದಾಯ ಹೇಳ್ಕೊಟ್ಟಿರೋದ್ರಿಂದ ಗುರುತು ಸಿಗೋದು. ಕಿವಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಬೈಬೇಡಿ.

ಬ್ರೆಜಿಲ್‌ನ ಸಂಗೀತ ರಚನೆಕಾರ ವಿಲ್ಲಾ-ಲೋಬೋಸ್ ಇದನ್ನ ಉಲ್ಟಾ ಮಾಡಿದ್ದ, 1939ರಲ್ಲಿ ನ್ಯೂಯಾರ್ಕ್ ಕಟ್ಟಡಗಳ ಏರಿಳಿತಾನ ಗ್ರಾಫ್ ಹಾಳೆ ಮೇಲೆ ಹಾಕಿ ಅದರಿಂದಾನೇ ರಾಗ ಕಟ್ಟಿದ್ದ. ಕೇಳಿದ್ರೆ ನಂಗಂತೂ ಯಾವ ಕಟ್ಟಡನೂ ಕಾಣಲ್ಲ.

ಇನ್ನೊಂದು ಪೇಚು, ಚಿತ್ರ ಒಂದೇ ನೋಟಕ್ಕೆ ಪೂರ್ತಿ ಸಿಕ್ಬಿಡತ್ತೆ, ಸಂಗೀತದಲ್ಲಿ ಕಾಯ್ಬೇಕು, ಪಲ್ಲವಿ ವಾಪಸ್ ಬಂದಾಗ ಆಗೋ ಖುಷಿ ಆ ಕಾಯೋದ್ರಲ್ಲೇ ಇರೋದು. ಅದಕ್ಕೆ ಫ್ರೇಮ್ ಬಿಟ್ಟು ಚೀನಾದವರ ಸುರುಳಿ ಚಿತ್ರದ ಥರ ಸ್ವಲ್ಪ ಸ್ವಲ್ಪನೇ ಬಿಚ್ಕೊಂಡು ನೋಡೋ ಹಾಗೆ ಮಾಡಿದ್ರೆ, ಅದೇ ಬೆಟ್ಟ ಮತ್ತೆ ಬೇರೆ ಬೆಳಕಲ್ಲಿ ಎದುರಾಗೋ ಹಾಗೆ ಮಾಡಿದ್ರೆ ಏನಾಗ್ಬಹುದು? ಆರ್ಟಿಸ್ಟ್‌ಗಳು ಯಾರಾದ್ರೂ ಟ್ರೈ ಮಾಡಿದ್ರೆ ನನ್ನನ್ನೂ ಟ್ಯಾಗ್ ಮಾಡಿ.