‘ದಯವಿಟ್ಟು’ ಎಂಬ ಪದವನ್ನು ನಂಬಿದ ಪ್ರಯಾಣ

ಬಸ್ಸಿನಲ್ಲಿ ಗಾಲಿಕುರ್ಚಿಗೆಂದು ಬಿಟ್ಟಿರುವ ಜಾಗದ ಮೇಲೆ ಒಂದು ಫಲಕವಿದ್ದರೆ, ಬಹಳ ಸಲ ಅದು ‘ದಯವಿಟ್ಟು’ ಎಂದೇ ಆರಂಭವಾಗುತ್ತದೆ. ಗಾಲಿಕುರ್ಚಿ ಬಳಸುವ ನನ್ನ ತಂಗಿಯೊಂದಿಗೆ ಹಲವು ವರ್ಷ ಓಡಾಡಿದ ಮೇಲೆ, ಅಂಗವಿಕಲರ ಸಾರಿಗೆ ಹೋರಾಟದ ತಿರುಳು ಆ ಒಂದು ಪದದಲ್ಲಿಯೇ ಅಡಗಿದೆ ಎಂದು ನನಗೆ ಅನ್ನಿಸತೊಡಗಿದೆ. ಉಳಿದವರಿಗೆ ಟಿಕೆಟ್ ಇದ್ದರೆ ಸಾಕು. ಅವಳಿಗೆ ಟಿಕೆಟ್ಟಿನ ಜೊತೆಗೆ ಚಾಲಕನ ತಾಳ್ಮೆಯೂ ಸಹಪ್ರಯಾಣಿಕರ ಸೌಜನ್ಯವೂ ಬೇಕು.

2012ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ವೆದರ್ಬಿಯಿಂದ ಲೀಡ್ಸ್‌ಗೆ ಹೊರಟಿದ್ದ ಡಗ್ ಪೌಲಿ ಎಂಬುವರಿಗೆ ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಗಾಲಿಕುರ್ಚಿಯ ಜಾಗದಲ್ಲಿ ನಿದ್ರಿಸುತ್ತಿದ್ದ ಮಗುವಿನ ತಳ್ಳುಗಾಡಿಯಿತ್ತು; ಚಾಲಕ ಕೇಳಿಕೊಂಡರು, ತಾಯಿ ಒಪ್ಪಲಿಲ್ಲ, ಪೌಲಿ ಕೆಳಗೇ ಉಳಿದು ಮುಂದಿನ ಬಸ್ಸಿಗೆ ಕಾದು, ಹಿಡಿಯಬೇಕಿದ್ದ ರೈಲನ್ನೂ ತಪ್ಪಿಸಿಕೊಂಡರು. ಪ್ರಕರಣ ಬ್ರಿಟನ್ನಿನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಸುಮ್ಮನೆ ಕೇಳಿ ಕೈಬಿಡುವುದು ಸಾಲದು, ನಿರಾಕರಣೆಗೆ ತಕ್ಕ ಕಾರಣವಿಲ್ಲವೆಂದು ಕಂಡರೆ ಚಾಲಕ ಇನ್ನಷ್ಟು ಒತ್ತಾಯಿಸಬೇಕು, ಬೇಕಾದರೆ ಕೆಲವು ನಿಮಿಷ ಬಸ್ಸನ್ನು ನಿಲ್ಲಿಸುವ ಬಗ್ಗೆಯೂ ಯೋಚಿಸಬೇಕು ಎಂದು 2017ರ ಜನವರಿಯಲ್ಲಿ ನ್ಯಾಯಾಲಯ ಹೇಳಿತು. ಆದರೆ ಜಾಗವನ್ನು ತೆರವು ಮಾಡಿಸಲೇಬೇಕೆಂದು ಹೇಳಲಿಲ್ಲ. ಪತ್ರಿಕೆಗಳು ಅದನ್ನು ಗೆಲುವೆಂದು ಬರೆದವು. ಐದು ವರ್ಷದ ಹೋರಾಟಕ್ಕೆ ಸಿಕ್ಕಿದ್ದು ಸ್ವಲ್ಪ ಗಟ್ಟಿಯಾದ ಧ್ವನಿಯ ‘ದಯವಿಟ್ಟು’ ಅಷ್ಟೇ ಎಂಬುದು ನನ್ನ ಅಭಿಪ್ರಾಯ.

ಇದೇ ತೊಡಕು ಕಾನೂನಿನ ಭಾಷೆಯೊಳಗೂ ನುಸುಳುತ್ತದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರಿಗೆಯೂ ಸೇರಿದಂತೆ ಸುಗಮ ಪ್ರವೇಶದ ಮಾನದಂಡಗಳನ್ನು ಕಡ್ಡಾಯವೆಂದು ಬಗೆದಿತ್ತು. ಅದರಡಿ 2017ರಲ್ಲಿ ರೂಪಿಸಿದ ನಿಯಮಗಳ 15ನೆಯ ನಿಯಮದಲ್ಲಿ ಪಟ್ಟಿ ಮಾಡಿದ ಮಾರ್ಗಸೂಚಿಗಳಾದರೋ ಬಹುಪಾಲು ‘ಹೀಗಿದ್ದರೆ ಒಳ್ಳೆಯದು’ ಎಂಬ ಸಲಹೆಯ ಧಾಟಿಯಲ್ಲಿದ್ದವು. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ್ದ ಅರ್ಜಿಯ ಮುಂದುವರಿದ ವಿಚಾರಣೆಯಲ್ಲಿ, 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಆ ನಿಯಮ ಮೂಲ ಕಾಯ್ದೆಗೇ ವಿರುದ್ಧವೆಂದು ತೀರ್ಪಿತ್ತು, ಮೂರು ತಿಂಗಳೊಳಗೆ ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಸೂಚಿಸಿತು. ‘ಮಾಡತಕ್ಕದ್ದು’ ಎಂಬ ಒಂದು ಕ್ರಿಯಾಪದಕ್ಕಾಗಿ ಹತ್ತೊಂಬತ್ತು ವರ್ಷ!

ಸಲಹೆಯ ಭಾಷೆಯನ್ನು ಆಜ್ಞೆಯ ಭಾಷೆಯಾಗಿ ಬದಲಿಸಿದವರು ಸೌಜನ್ಯದಿಂದ ಕಾದವರಲ್ಲ. 1978ರ ಜುಲೈನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ 19 ಅಂಗವಿಕಲರು ನಡುರಸ್ತೆಯಲ್ಲಿ ಬಸ್ಸುಗಳನ್ನು ತಡೆದು, ಕೆಲವರು ಗಾಲಿಕುರ್ಚಿಯಿಂದಿಳಿದು ನೆಲದ ಮೇಲೆಯೇ ರಾತ್ರಿ ಕಳೆದರು. 1990ರ ಮಾರ್ಚ್ 12ರಂದು ವಾಷಿಂಗ್ಟನ್ನಿನ ಸಂಸತ್ ಭವನದ ಮುಂದೆ ಅಂಗವಿಕಲ ಹೋರಾಟಗಾರರು ಗಾಲಿಕುರ್ಚಿ, ಊರುಗೋಲುಗಳನ್ನು ಬದಿಗಿಟ್ಟು ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿದರು. ಅವರಲ್ಲಿ ಎಂಟು ವರ್ಷದ ಬಾಲಕಿಯೂ ಇದ್ದಳು. ಅವರು ಒತ್ತಾಯಿಸುತ್ತಿದ್ದ ಅಮೆರಿಕದ ಅಂಗವಿಕಲರ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದದ್ದು ಅದೇ ವರ್ಷದ ಜುಲೈನಲ್ಲಿ.

ಇಳಿಜಾರು ಹಾದಿಯಿಂದ ವೃದ್ಧರಿಗೂ ಎಳೆಮಕ್ಕಳ ತಾಯಂದಿರಿಗೂ ಅನುಕೂಲ ಎಂಬ ವಾದವನ್ನು ನಮ್ಮ ಹೋರಾಟಗಳಲ್ಲಿಯೂ ಆಗಾಗ ಮುಂದಿಡುತ್ತಾರೆ. ಮಾತು ನಿಜವೇ ಆದರೂ ನನಗೆ ಅದು ಹಿಡಿಸುವುದಿಲ್ಲ, ಏಕೆಂದರೆ ಇನ್ನೊಬ್ಬರಿಗೂ ಲಾಭವಿದ್ದರೆ ಮಾತ್ರ ಈ ಬೇಡಿಕೆಗೆ ಬೆಲೆ ಎಂಬ ಒಪ್ಪಿಗೆ ಅದರೊಳಗಿದೆ. ಅಂಧರು ಕಾಲಿನಿಂದ ಮುಟ್ಟಿ ದಾರಿ ತಿಳಿಯುವ ಉಬ್ಬು ಹಾಸುಗಲ್ಲುಗಳನ್ನು ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿ, 1967ರಲ್ಲಿ ಮೊದಲು ಒಕಾಯಾಮ ನಗರದಲ್ಲಿ ಹಾಸಿದರು. ಅವುಗಳಿಂದ ಕಣ್ಣು ಕಾಣುವವರಿಗೆ ವಿಶೇಷ ಪ್ರಯೋಜನವೇನೂ ಇಲ್ಲ. ಹಾಗೆಂದು ಅವು ಬೇಡವೇ?

ತಂಗಿಯ ಅನುಭವದಲ್ಲಿ ತೊಡಕು ಬರುವುದು ದೊಡ್ಡ ವಿಷಯಗಳಲ್ಲಿ ಅಲ್ಲ. ಬಸ್ಸು ಕಾಲುದಾರಿಯ ಅಂಚಿಗೆ ಒತ್ತಿ ನಿಲ್ಲದಿದ್ದರೆ ರ‍್ಯಾಂಪ್ ಸರಿಯಾಗಿ ಕೂರುವುದಿಲ್ಲ. ನಿಲ್ದಾಣದಲ್ಲಿ ಇರುವ ಒಂದೇ ಲಿಫ್ಟ್ ಕೆಟ್ಟರೆ, ಇಳಿಯುವ ಊರು ಬಂದರೂ ಇಳಿದು ಹೊರಗೆ ಹೋಗಲಾಗುವುದಿಲ್ಲ. ಆ ಸುದ್ದಿ ಹೊರಡುವ ಮುನ್ನ ಯಾರೂ ತಿಳಿಸುವುದಿಲ್ಲ. ನೆರವು ಬೇಕಿದ್ದರೆ ಹಿಂದಿನ ದಿನವೇ ಹೇಳಬೇಕು ಎನ್ನುವವರು, ತಾವು ಮಾತ್ರ ಮನಸ್ಸು ಬಂದ ಗಳಿಗೆಯಲ್ಲಿ ಹೊರಡುತ್ತಾರೆ. (ಅವಳು ಎಲ್ಲಿಗೆ ಹೋಗಬೇಕೆಂದು ನನ್ನನ್ನು ಕೇಳುವವರ ವಿಷಯಕ್ಕೆ ಬೇರೆಯೇ ಬರಹ ಬೇಕು.)

ಆದ್ದರಿಂದ ಒತ್ತಡವನ್ನು ಫಲಕದ ಒಕ್ಕಣೆಗಿಂತ ಖರೀದಿಯ ಕಾಗದಪತ್ರಗಳ ಮೇಲೆ ಹಾಕಬೇಕೆಂದು ನಾನು ಹೇಳುತ್ತೇನೆ. ಇಂದು ಮೆಟ್ಟಿಲುಳ್ಳ ಬಸ್ಸನ್ನು ಕೊಂಡರೆ ಅದು ರಸ್ತೆಯಲ್ಲಿರುವಷ್ಟು ವರ್ಷವೂ ಒಂದಿಷ್ಟು ಜನರನ್ನು ಹೊರಗೇ ನಿಲ್ಲಿಸುತ್ತದೆ. ಹಣ ಪಾವತಿಯಾಗುವ ಮುನ್ನ ಗಾಲಿಕುರ್ಚಿ ಬಳಸುವವರೊಬ್ಬರು, ಕಣ್ಣು ಕಾಣದವರೊಬ್ಬರು, ಕಿವಿ ಕೇಳದವರೊಬ್ಬರು ಆ ಬಸ್ಸನ್ನು ಹತ್ತಿ, ಪ್ರಯಾಣಿಸಿ, ಇಳಿದು ನೋಡಬೇಕು. ಅವರಲ್ಲಿ ಯಾರಾದರೂ ಆಗದೆಂದರೆ ಬಸ್ಸು ಕಾರ್ಖಾನೆಗೆ ಹಿಂದಿರುಗಬೇಕು. ಟೆಂಡರಿನ ಆ ಷರತ್ತಿನಲ್ಲಿ ‘ದಯವಿಟ್ಟು’ ಎಂಬ ಪದ ಇರಬಾರದು.