ಅಳು ಬಂದರೆ ಹಾಡು ಬಂದಂತೆ

ಟಿ.ವಿ. ಸಂಗೀತ ಸ್ಪರ್ಧೆಗೆ ಹೊರಟವರಿಗೆ ನನ್ನದೊಂದು ಬಿಟ್ಟಿ ಸಲಹೆ. ಶ್ರುತಿ, ತಾಳ ಎಂದು ಕಾಲ ಕಳೆಯಬೇಡಿ, ಮೊದಲು ಒಂದು ಕಷ್ಟ ಸಂಪಾದಿಸಿಕೊಳ್ಳಿ. ಸಣ್ಣಪುಟ್ಟ ಕಷ್ಟ ಸಾಲದು. ಅದು ಬಾಲ್ಯದಲ್ಲೇ ಶುರುವಾಗಿರಬೇಕು, ಇನ್ನೂ ಮುಗಿದಿರಬಾರದು, ಆದರೆ ಜಾಹೀರಾತು ಬರುವುದರೊಳಗೆ ಹೇಳಿ ಮುಗಿಯುವಂತಿರಬೇಕು. ಅಪ್ಪ ಅಮ್ಮ ಇಬ್ಬರೂ ಗಟ್ಟಿಮುಟ್ಟಾಗಿದ್ದು, ಮಗಳು ಹಾಡಲಿ ಎಂದು ಸಂತೋಷದಿಂದ ಪಾಠಕ್ಕೆ ಕಳಿಸಿದ್ದರೆ ನಿಮ್ಮ ಕಥೆ ಅಲ್ಲಿಗೇ ಮುಗಿಯಿತು. ಅಂಥವರನ್ನು ಕರೆಸಿ ಏನು ತೋರಿಸುವುದು? ಬರೀ ಹಾಡನ್ನೇ?

ಹಾಡುವಾಗ ತಾರಸ್ಥಾಯಿಯಲ್ಲಿ ಸ್ವರ ಜಾರಿದರೆ ಗಾಬರಿಯಾಗಬೇಡಿ. ಆ ಹೊತ್ತಿಗೆ ಕ್ಯಾಮೆರಾ ನಿಮ್ಮನ್ನು ಬಿಟ್ಟು ಹೋಗಿರುತ್ತದೆ. ಮೊದಲು ತಾಯಿಯ ಕಣ್ಣು, ನಂತರ ತೀರ್ಪುಗಾರರ ಕರವಸ್ತ್ರ, ಆಮೇಲೆ ನಿರೂಪಕಿಯ ನಿಟ್ಟುಸಿರು. ಜಾರಿದ್ದನ್ನು ಎತ್ತಿ ನಿಲ್ಲಿಸಲು ಯಂತ್ರವಂತೂ ಇದ್ದೇ ಇದೆ. 1997ರಲ್ಲಿ ಬಂದ, ಶ್ರುತಿ ತಿದ್ದುವ ಆಟೋಟ್ಯೂನ್ ತಂತ್ರಾಂಶವನ್ನು ಕಂಡುಹಿಡಿದಾತ ಅದಕ್ಕೂ ಮುಂಚೆ ಭೂಮಿಯೊಳಗೆ ಎಣ್ಣೆ ಎಲ್ಲಿದೆಯೆಂದು ಹುಡುಕುವ ಲೆಕ್ಕಾಚಾರದಲ್ಲಿದ್ದ. ಇಲ್ಲದ ಶ್ರುತಿಯನ್ನು ಗಂಟಲಿನಿಂದ ಹೊರತೆಗೆಯಲು ಅವನಿಗಿಂತ ಅರ್ಹರು ಯಾರು? 2010ರಲ್ಲಿ ಬ್ರಿಟನ್ನಿನ 'ಎಕ್ಸ್ ಫ್ಯಾಕ್ಟರ್' ಸ್ಪರ್ಧೆಯಲ್ಲಿ ಆಡಿಷನ್ನಿನ ದನಿಗಳನ್ನೇ ತಿದ್ದಿದ್ದಾರೆಂದು ವೀಕ್ಷಕರು ರೊಚ್ಚಿಗೆದ್ದರು. ಪಾಪ, ಅವರು ಅಷ್ಟು ದಿನ ಅದನ್ನು ಹಾಡಿನ ಸ್ಪರ್ಧೆ ಎಂದೇ ತಿಳಿದಿದ್ದರು.

ತೀರ್ಪುಗಾರರ ಬಗ್ಗೆ ನನಗೆ ನಿಜಕ್ಕೂ ಕಾಳಜಿಯಿದೆ. 'ಜೀವಮಾನದಲ್ಲೇ ಇಂಥ ಹಾಡು ಕೇಳಿರಲಿಲ್ಲ' ಎಂದು ಶನಿವಾರ ಎದ್ದು ನಿಂತವರು ಭಾನುವಾರವೂ ಅದನ್ನೇ ಹೇಳಿ ಮತ್ತೆ ನಿಲ್ಲುತ್ತಾರೆ. ನೆನಪಿನ ಶಕ್ತಿಗೂ ಮಂಡಿಗೂ ಯಾರಾದರೂ ಔಷಧಿ ಕೊಡಿಸಬೇಕು.

ಒಂದು ವಿಷಯದಲ್ಲಿ ಮಾತ್ರ ಈ ಕಾರ್ಯಕ್ರಮಗಳನ್ನು ಮೆಚ್ಚಲೇಬೇಕು: ಹೊರಹಾಕುವುದರಲ್ಲಿ ಅವುಗಳ ಕೈಗುಣ ಬಲು ಒಳ್ಳೆಯದು. 2004ರ 'ಅಮೆರಿಕನ್ ಐಡಲ್'ನಲ್ಲಿ ಏಳನೆಯ ಸ್ಥಾನಕ್ಕೇ ಮನೆಗೆ ಹೋದ ಜೆನಿಫರ್ ಹಡ್ಸನ್ 2007ರಲ್ಲಿ ಆಸ್ಕರ್ ಎತ್ತಿಕೊಂಡರು. 2005ರ 'ಫೇಮ್ ಗುರುಕುಲ'ದಲ್ಲಿ ಅರಿಜಿತ್ ಸಿಂಗ್ ಫೈನಲ್‌ವರೆಗೂ ಬರಲಿಲ್ಲ. ಆಮೇಲೆ ಅವರ ದನಿ ತಲುಪದ ಮೊಬೈಲ್ ಉಳಿಯಲಿಲ್ಲ. ಆ ಸಲ ಗೆದ್ದವರು ಯಾರು? ಗೂಗಲ್ ಮಾಡದೆ ಹೇಳಿ ನೋಡೋಣ.

ಹಳೆಯ ಹಿಂದುಸ್ತಾನಿ ಗಾಯಕರು ಈ ಆಡಿಷನ್ನಿನ ಸಾಲಿನಲ್ಲಿ ನಿಂತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವುದು ನನ್ನ ಕೆಟ್ಟ ಚಟ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡಸಾದ ಗಂಗೂಬಾಯಿ ಹಾನಗಲ್ಲರ ದನಿ ಕೇಳಿ, 'ಮೇಡಂ, ಈ ದನಿ ನಿಮ್ಮ ಲುಕ್‌ಗೆ ಹೊಂದುತ್ತಿಲ್ಲ' ಎಂದು ಯಾರೋ ಇಪ್ಪತ್ತೆರಡರ ಹುಡುಗ ತಿಳಿಹೇಳುತ್ತಿದ್ದ. ಕುಮಾರ ಗಂಧರ್ವರ ಅರ್ಜಿ ಕಂಡರೆ ಮಾತ್ರ ಚಾನೆಲ್ಲಿನವರು ಕುಣಿದಾಡುತ್ತಿದ್ದರು. ಕ್ಷಯರೋಗ, ಕೆಲಸಕ್ಕೆ ಬಾರದ ಒಂದು ಶ್ವಾಸಕೋಶ, ಹಾಡಬಾರದೆಂಬ ವೈದ್ಯರ ಆಜ್ಞೆ, ವರ್ಷಗಟ್ಟಲೆ ಹಾಸಿಗೆ. ಇದಕ್ಕಿಂತ ಕಷ್ಟ ಎಲ್ಲಿ ಸಿಗಬೇಕು! ಆದರೆ ಆ ಮನುಷ್ಯನಿಗೆ ವ್ಯವಹಾರವೇ ತಿಳಿದಿರಲಿಲ್ಲ. ಮಲಗಿದ್ದಲ್ಲೇ ಮಾಳ್ವದ ಜನಪದ ಹಾಡುಗಳಿಗೆ ಕಿವಿಗೊಟ್ಟರು. ಎದ್ದ ಮೇಲೆ ಉಳಿದ ಉಸಿರಿಗೆ ತಕ್ಕಂತೆ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಹಾಡುವ ಹೊಸ ರೀತಿಯನ್ನೇ ಕಟ್ಟಿಕೊಂಡರು. ಅಷ್ಟೊಂದು ಸಂಕಟವನ್ನು ಒಂದು ಹನಿ ಕಣ್ಣೀರಿಲ್ಲದೆ ರಾಗದೊಳಗೆ ಸುರಿದುಬಿಟ್ಟರೆ ಸಂಕಲನಕಾರ ಯಾವುದನ್ನು ಕತ್ತರಿಸಿ ಪ್ರೋಮೊ ಮಾಡಬೇಕು? 'ಸರ್, ಹಾಡು ಪರವಾಗಿಲ್ಲ' ಎಂದು ನಿರ್ದೇಶಕರು ವಿನಯದಿಂದಲೇ ಕೇಳುತ್ತಿದ್ದರು, 'ಚರಣಕ್ಕೆ ಮೊದಲು ಸ್ವಲ್ಪ ಕೆಮ್ಮುವುದಕ್ಕೆ ಆಗುತ್ತದೆಯೇ?'