ಮಗು ರಾತ್ರಿ ಏಳಲಿ, ಅಮ್ಮನನ್ನು ಮಲಗಲು ಬಿಡಿ

ಮಗಳಿಗೆ ಮೊನ್ನೆ ಒಂದು ವರ್ಷ ತುಂಬಿತು. ಈ ಒಂದು ವರ್ಷದಲ್ಲಿ ಜನ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕೇಳಿದ ಪ್ರಶ್ನೆ ಯಾವುದು ಗೊತ್ತಾ? "ಮಗು ರಾತ್ರಿ ಮಲಗ್ತದಾ?" ಮನೆಗೆ ಮೀನು ತರುವವರು, ಬಸ್ಸಿನಲ್ಲಿ ಪಕ್ಕ ಕೂತವರು, ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕಿದವರು, ಎಲ್ಲರೂ ಇದನ್ನೇ ಕೇಳಿದರು. ಇಲ್ಲ ಅಂದರೆ ಮುಂದಿನ ಮಾತು ತಯಾರಿರುತ್ತದೆ. ಹಾಲು ಸಾಕಾಗುದಿಲ್ಲ ಕಾಣ್ತದೆ. ದೃಷ್ಟಿ ತಾಗಿದೆ. ಎತ್ತಿ ಎತ್ತಿ ಅಭ್ಯಾಸ ಮಾಡಿದ್ದೀರಿ. "ನೀನು ಮಲಗ್ತೀಯಾ?" ಅಂತ ಕೇಳಿದವರು ಇಬ್ಬರೇ. ಒಬ್ಬರು ನಮ್ಮ ಊರಿನ ಆಶಾ ಕಾರ್ಯಕರ್ತೆ. ಇನ್ನೊಬ್ಬರು ಮಗುವನ್ನು ಮೀಯಿಸಲು ಬರುತ್ತಿದ್ದ ಅಜ್ಜಿ.

ನಾನು ಹೇಳಬೇಕಾದ್ದು ಇಷ್ಟೇ. ಮೊದಲ ವರ್ಷ ಮಗು ರಾತ್ರಿ ಏಳುವುದು ಕಾಯಿಲೆ ಅಲ್ಲ, ಕೆಟ್ಟ ಅಭ್ಯಾಸವೂ ಅಲ್ಲ. ಅದನ್ನು ನಿಲ್ಲಿಸಲು ಮನೆಯವರೆಲ್ಲ ಸೇರಿ ಪಡುವ ಪಾಡಿನ ಅರ್ಧದಷ್ಟನ್ನು ತಾಯಿಯನ್ನು ಮಲಗಿಸಲು ಪಡಿ. ನಾನು ಇದನ್ನು ಹೆದರಿ ಕಲಿತವಳು, ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಹುಟ್ಟಿದ್ದು ಹೋದ ವರ್ಷ ಆಟಿಯಲ್ಲಿ, ಜುಲೈ-ಆಗಸ್ಟಿನಲ್ಲಿ ಬರುವ ತುಳು ತಿಂಗಳು. ಬಾಣಂತನ ಬ್ರಹ್ಮಾವರದ ಹತ್ತಿರ ತವರಿನಲ್ಲಿ, ಹಂಚಿನ ಮನೆ. ಆಟಿಯ ಮಳೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಮುಸ್ಸಂಜೆಯ ಬೆಳಕು. ಮಗುವಿನ ಬಟ್ಟೆ ಒಣಗುವುದಿಲ್ಲ. ಬಚ್ಚಲ ಹಂಡೆಯ ಮೇಲೆ ಹಗ್ಗ ಕಟ್ಟಿ ಅಪ್ಪ ಸಾಲಾಗಿ ಲಂಗೋಟಿ ಹರಗುತ್ತಿದ್ದರು. ಅದೆಲ್ಲಕ್ಕೂ ಹೊಗೆಯ ವಾಸನೆ. ಬಾಣಂತಿ ಕೋಣೆಗೆ ಒಂದೇ ಕಿಟಕಿ, ಶೀತಗಾಳಿ ಬರುತ್ತದೆ ಅಂತ ಅದನ್ನು ಭದ್ರವಾಗಿ ಮುಚ್ಚಿದ್ದರು. ಮಳೆಗೆ ಮರ ಉಬ್ಬಿ ಅದರ ಅಗುಳಿ ಹೇಗೂ ಜಗ್ಗುತ್ತಿರಲಿಲ್ಲ. ಒಳಗೆ ದಿನವಿಡೀ ಒಂದು ಸಣ್ಣ ಬಲ್ಬು. ನನಗೇ ಹಗಲು ಯಾವುದು, ರಾತ್ರಿ ಯಾವುದು ಗೊತ್ತಾಗುತ್ತಿರಲಿಲ್ಲ. ಇನ್ನು ಮಗುವಿಗೆ ಹೇಗೆ ಗೊತ್ತಾಗಬೇಕು?

ಗಂಡನಿಗೆ ಮಂಗಳೂರಿನಲ್ಲಿ ಕೆಲಸ. ಶನಿವಾರ ಬಂದು ಜಗಲಿಯಲ್ಲಿ ಮಲಗಿ, ಭಾನುವಾರ ಸಂಜೆ ಹೋಗುವುದು. ಬಾಣಂತಿ ಕೋಣೆಗೆ ಗಂಡಸರು ರಾತ್ರಿ ಬರುವ ಕ್ರಮ ನಮ್ಮಲ್ಲಿ ಇಲ್ಲ. ಅಮ್ಮ ಹಗಲೆಲ್ಲ ನೀರು ಕಾಯಿಸಿ, ಮದ್ದು ಅರೆದು, ಅಡುಗೆ ಮಾಡಿ ಸುಸ್ತಾಗಿ ಬೀಳುತ್ತಿದ್ದರು. ಹಾಗಾಗಿ ರಾತ್ರಿ ಪೂರ್ತಿ ನನ್ನದು.

ಇಪ್ಪತ್ತಮೂರನೇ ರಾತ್ರಿ. ಎರಡೂವರೆ ಗಂಟೆ. ಹಾಸಿಗೆಯಲ್ಲಿ ಕೂತರೆ ಬೆನ್ನು ನೋಯುತ್ತದೆ ಅಂತ ಮಗುವನ್ನು ಎತ್ತಿಕೊಂಡು ಈಸಿ ಚೇರಿನಲ್ಲಿ ಕೂತೆ. ಅವಳು ಕುಡಿಯುತ್ತಿದ್ದಳು, ಹೊರಗೆ ಮಳೆ ಹಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿತ್ತು, ಅಷ್ಟು ನೆನಪಿದೆ. ಕಣ್ಣು ಬಿಟ್ಟಾಗ ಗಡಿಯಾರದಲ್ಲಿ ಮೂರು ಹತ್ತು. ಮಗು ತೋಳಿನಿಂದ ಜಾರಿ, ನನ್ನ ಹೊಟ್ಟೆಗೂ ಚೇರಿನ ಬಟ್ಟೆಗೂ ನಡುವೆ ಸಿಕ್ಕಿಕೊಂಡಿದ್ದಳು. ಮುಖ ನನ್ನ ನೈಟಿಯ ಮಡಿಕೆಯೊಳಗೆ ಒತ್ತಿತ್ತು. ಎಳೆದು ಎತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಜೋರಾಗಿ ಅತ್ತಳು. ಅವಳ ಕೆನ್ನೆಯ ಮೇಲೆ ನೈಟಿಯ ಹೊಲಿಗೆಯ ಗೆರೆ ಕೆಂಪಾಗಿ ಮೂಡಿತ್ತು. ಆ ಗೆರೆಯನ್ನು ನಾನು ಈಗಲೂ ಮರೆತಿಲ್ಲ.

ಬೆಳಿಗ್ಗೆ ಮೀಯಿಸುವ ಅಜ್ಜಿ ನನ್ನ ಮುಖ ನೋಡಿಯೇ ಕೇಳಿದ್ದು, "ನೀನು ಮಲಗ್ತೀಯಾ ಮಗಾ?" ಅಂತ. ನಾನು ಅತ್ತುಬಿಟ್ಟೆ. ಎಲ್ಲ ಹೇಳಿದೆ. ಅವರು ಮಗುವಿನ ಕಾಲಿಗೆ ತೆಂಗಿನೆಣ್ಣೆ ಹಚ್ಚುತ್ತಲೇ ಅಮ್ಮನಿಗೆ ಹೇಳಿದರು, "ಕ್ರಮ ಎಲ್ಲ ಆಮೇಲೆ. ಅಳಿಯನಿಗೆ ಬರಲಿಕ್ಕೆ ಹೇಳಿ."

ಆವತ್ತು ರಾತ್ರಿಯಿಂದ ಗಂಡ ಮಂಗಳೂರಿನಿಂದ ದಿನಾ ಬಸ್ಸು ಹಿಡಿದು ಬರಲು ಶುರು ಮಾಡಿದ. ಒಂಬತ್ತು ಗಂಟೆಗೆ ನಾನು ಹಾಲು ಕೊಟ್ಟು ಮಲಗುವುದು. ಒಂದು ಗಂಟೆವರೆಗೆ ಮಗು ಅವನದು. ಬಟ್ಟೆ ಬದಲಿಸುವುದು, ತೇಗು ಬರಿಸುವುದು, ಎದೆಗೆ ಒರಗಿಸಿ ಜಗಲಿಯಲ್ಲಿ ಅತ್ತಿಂದಿತ್ತ ನಡೆಯುವುದು, ಎಲ್ಲ ಅವನೇ. ತೀರಾ ಹಸಿವಾದರೆ ಮಾತ್ರ ನನ್ನ ಹತ್ತಿರ ತಂದು, ಕುಡಿದ ಕೂಡಲೇ ವಾಪಸ್ ಎತ್ತಿಕೊಂಡು ಹೋಗುತ್ತಿದ್ದ. ಬೆಳಿಗ್ಗೆ ಐದರಿಂದ ಏಳು ಅಪ್ಪನ ಪಾಳಿ. ನನಗೆ ಒಟ್ಟಿಗೆ ನಾಲ್ಕು ಗಂಟೆ ನಿದ್ದೆ ಸಿಕ್ಕಿತು ನೋಡಿ, ಮೂರನೇ ದಿನಕ್ಕೆ ಮಗುವಿನ ಮುಖ ನೋಡಿ ನಗು ಬಂತು. ಅಲ್ಲಿಯವರೆಗೆ ಅವಳು ನನಗೆ ಮುಗಿಯದ ಕೆಲಸದ ಹಾಗೆ ಕಾಣುತ್ತಿದ್ದಳು. ಇದನ್ನು ಯಾವ ತಾಯಿಯೂ ಬಾಯಿಬಿಟ್ಟು ಹೇಳುವುದಿಲ್ಲ.

ಆಮೇಲೆ ಕೂತು ಓದಿದೆ, ಡಾಕ್ಟರ ಹತ್ತಿರ ಕೇಳಿದೆ. ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಆದರೆ ತುಂಡು ತುಂಡಾಗಿ. ಹೊಟ್ಟೆ ಚಿಕ್ಕದು, ತಾಯಿಹಾಲು ಬೇಗ ಕರಗುತ್ತದೆ, ಏಳಲೇಬೇಕು. ಆ ನಿದ್ದೆಯಲ್ಲಿ ಸುಮಾರು ಅರ್ಧ ಚುರುಕು ನಿದ್ದೆ. ಆಗ ಕಣ್ಣಗುಡ್ಡೆ ಓಡುತ್ತದೆ, ಮುಲುಕುತ್ತದೆ, ಮುಖ ಕಿವುಚುತ್ತದೆ, ನಗುತ್ತದೆ. ದೇವರು ಆಟ ಆಡಿಸ್ತಾನೆ ಅಂತ ಅಮ್ಮ ಹೇಳುತ್ತಾರಲ್ಲ, ಅದೇ. ನಾನು ಪ್ರತಿ ಸದ್ದಿಗೂ ಓಡಿ ಎತ್ತುತ್ತಿದ್ದೆ. ಎಷ್ಟೋ ಸಲ ಅವಳು ಎದ್ದೇ ಇರಲಿಲ್ಲ, ನಾನೇ ಎಬ್ಬಿಸುತ್ತಿದ್ದೆ. ಸುಮ್ನೆ ಅರ್ಧ ನಿಮಿಷ ಕಾದು ನೋಡುವುದನ್ನು ಕಲಿತ ಮೇಲೆ ಇಬ್ಬರಿಗೂ ಲಾಭವಾಯಿತು.

ಹಗಲು ರಾತ್ರಿಯ ಲೆಕ್ಕವೂ ಹಾಗೇ. ಅದು ಮಗುವಿಗೆ ಹುಟ್ಟುವಾಗ ಬರುವುದಿಲ್ಲ, ಎರಡು ಮೂರು ತಿಂಗಳಲ್ಲಿ ನಿಧಾನವಾಗಿ ಕೂಡಿಬರುತ್ತದೆ. ಅದಕ್ಕೆ ಸಹಾಯ ಮಾಡುವುದು ಬೆಳಕು. ರಾತ್ರಿಯ ತಾಯಿಹಾಲಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪ್ರಕೃತಿ ಹಾಲಿನಲ್ಲೇ ಗಡಿಯಾರ ಇಟ್ಟಿದೆ, ನಾವು ಕಿಟಕಿ ಮುಚ್ಚಿ ಕೂತಿದ್ದೇವೆ! ಮಗುವನ್ನು ಬೆಚ್ಚಗೆ ಇಡಬೇಕು, ಸರಿ. ಕತ್ತಲಲ್ಲಿ ಇಡಬೇಕಾಗಿಲ್ಲ. ನಾವು ಬೆಳಿಗ್ಗೆ ಅವಳನ್ನು ಜಗಲಿಗೆ ತಂದು ಅಂಗಳದ ಮಳೆ ತೋರಿಸತೊಡಗಿದೆವು. ರಾತ್ರಿ ಕೋಣೆಯ ಬಲ್ಬು ಆರಿಸಿ, ಹಾಲು ಕೊಡುವಾಗಲೂ ಮಾತಾಡದೆ ಇದ್ದೆವು. ಎರಡೂವರೆ ತಿಂಗಳಿಗೆ ರಾತ್ರಿಯ ನಿದ್ದೆ ತಾನಾಗಿ ಉದ್ದವಾಯಿತು.

ಮಲಗಿಸುವ ವಿಷಯದಲ್ಲಿ ಮಾತ್ರ ಮನೆಯಲ್ಲಿ ಜಗಳವೇ ಆಯಿತು. ತಲೆ ದುಂಡಗಾಗಲಿ ಅಂತ ಅಮ್ಮ ಸಾಸಿವೆ ದಿಂಬು ಹೊಲಿದು ಇಟ್ಟಿದ್ದರು, ಹಳೇ ಸೀರೆಯ ಜೋಲಿಯನ್ನೂ ಕಟ್ಟಿದ್ದರು. ಅದೇ ಜೋಲಿಯಲ್ಲಿ ನಾನು ಬೆಳೆದವಳು, ಬೇಡ ಅನ್ನಲು ಬಾಯಿ ಬರುವುದಿಲ್ಲ. ಆದರೂ ಹೇಳಿದೆ. ಜೋಲಿಯಲ್ಲಿ ಬೆನ್ನು ಬಾಗಿ ಮಗುವಿನ ಗಲ್ಲ ಎದೆಗೆ ತಾಗುತ್ತದೆ, ಅಷ್ಟು ಚಿಕ್ಕ ಮಗುವಿಗೆ ಉಸಿರಿನ ದಾರಿ ಮಡಚಿಕೊಳ್ಳಲು ಅಷ್ಟು ಸಾಕು. ಒಂದು ವರ್ಷದವರೆಗೆ ದಿಂಬು ಬೇಡ, ದಪ್ಪ ಹೊದಿಕೆ ಬೇಡ. ಗಟ್ಟಿಯಾದ ಸಮತಟ್ಟು ಹಾಸಿಗೆ, ಅಂಗಾತ ಮಲಗಿಸುವುದು, ಅಮ್ಮನ ಕೈಗೆ ಎಟುಕುವಷ್ಟು ಹತ್ತಿರ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಶುರು ಮಾಡಿದರು. ನಿದ್ದೆಯಲ್ಲೇ, ಕಾರಣ ಗೊತ್ತಾಗದೆ ತೀರಿಕೊಳ್ಳುವ ಶಿಶುಗಳ ಪ್ರಮಾಣ ಕೆಲವೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಮಗುವನ್ನು ಹಿಡಿದುಕೊಂಡು ಸೋಫಾದಲ್ಲಿ, ಚೇರಿನಲ್ಲಿ ನಿದ್ದೆ ಹೋಗುವುದು ತುಂಬಾ ಅಪಾಯದ್ದು ಅಂತಲೂ ಓದಿದೆ. ನನಗೆ ಆ ಪಾಠ ಓದುವ ಮೊದಲೇ ಸಿಕ್ಕಿತ್ತು. ಸೊಳ್ಳೆಗೆ ಕಾಯಿಲ್ ಹಚ್ಚಬೇಡಿ, ಪರದೆ ಕಟ್ಟಿ. ಸಾಂಬ್ರಾಣಿ ಹೊಗೆಯೂ ಆ ಪುಟ್ಟ ಶ್ವಾಸಕೋಶಕ್ಕೆ ಹೊಗೆಯೇ. ಮೂಗಿಗೆ ಎಣ್ಣೆ ಬಿಡುವುದು ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮೂರು ತಿಂಗಳಿಗೆ ರಾಗಿ ಮಣ್ಣಿ ಶುರು ಮಾಡಿದರೆ ಹೊಟ್ಟೆ ಗಟ್ಟಿಯಾಗಿ ಮಲಗ್ತದೆ ಅಂತ ಹೇಳಿದವರು ಎಷ್ಟು ಜನ! ಆರು ತಿಂಗಳವರೆಗೆ ತಾಯಿಹಾಲು ಸಾಕು, ನೀರೂ ಬೇಡ. ಅವಳಿಗೆ ಆರು ತುಂಬಿದ ಮೇಲೆ ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ ಅಮ್ಮ ಮಾಡಿದ ಮಣ್ಣಿಯನ್ನು ಅವಳು ಎರಡು ಕೈಯಲ್ಲೂ ಮುಖಕ್ಕೆ ಮೆತ್ತಿಕೊಂಡು ತಿಂದಳು. ರಾತ್ರಿ ಏಳುವುದು ಏನೂ ಕಡಿಮೆಯಾಗಲಿಲ್ಲ. ಮತ್ತೆ ಜೇನು, ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮಲ್ಲಿ ತುಂಬಾ. ಒಂದು ವರ್ಷ ತುಂಬುವವರೆಗೆ ಜೇನು ಒಂದು ಹನಿಯೂ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಶಿಶುವಿನ ಕರುಳಿನಲ್ಲಿ ವಿಷ ಮಾಡುತ್ತದೆ, ದೊಡ್ಡವರಿಗೆ ಏನೂ ಆಗುವುದಿಲ್ಲ.

ನಾಲ್ಕನೇ ತಿಂಗಳಿಗೆ ಚೆನ್ನಾಗಿ ಮಲಗುತ್ತಿದ್ದವಳು ಮತ್ತೆ ಗಂಟೆಗೊಮ್ಮೆ ಏಳತೊಡಗಿದಳು. ಎಲ್ಲರೂ ದೃಷ್ಟಿ ಅಂದರು, ಉಪ್ಪು ಮೆಣಸು ನಿವಾಳಿಸಿದರು. ನಿವಾಳಿಸಲಿ, ನನಗೆ ಅದರ ಮೇಲೆ ಕೋಪ ಇಲ್ಲ, ಅದು ಪ್ರೀತಿ. ಆದರೆ ಆ ವಯಸ್ಸಿನಲ್ಲಿ ನಿದ್ದೆಯ ರೀತಿಯೇ ದೊಡ್ಡವರ ನಿದ್ದೆಯ ಹಾಗೆ ಬದಲಾಗುತ್ತದೆ, ಒಂದು ಸುತ್ತು ಮುಗಿದಾಗಲೆಲ್ಲ ಎಚ್ಚರವಾಗುತ್ತದೆ. ಹಗಲು ಅವಳು ಕವುಚಲು ಕಲಿಯುತ್ತಿದ್ದಳು, ರಾತ್ರಿ ನಿದ್ದೆಗಣ್ಣಲ್ಲೂ ಕವುಚುತ್ತಿದ್ದಳು. ಎಂಟು ಒಂಬತ್ತು ತಿಂಗಳಿಗೆ ಇನ್ನೊಂದು ಸಲ. ನಡುರಾತ್ರಿ ಕಿಟಕಿಯ ಸರಳು ಹಿಡಿದು ಎದ್ದು ನಿಂತಿದ್ದಾಳೆ, ಕೂರಲು ಗೊತ್ತಿಲ್ಲ, ಅಳುತ್ತಿದ್ದಾಳೆ! ಮೊಣಕಾಲು ಮೆಲ್ಲಗೆ ಮಡಚಿ ಕೂರಿಸಿ ತೋರಿಸಬೇಕಿತ್ತು. ಅದೇ ಹೊತ್ತಿಗೆ, ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಅಂತ ಮಗುವಿಗೆ ಅರ್ಥವಾಗಲು ಶುರುವಾಗುತ್ತದೆ. ಇದ್ದಾಳೆ ಅಂದ ಮೇಲೆ ಯಾಕೆ ಬರುವುದಿಲ್ಲ ಅಂತ ಅಳು. ನನ್ನ 26 ವಾರದ ರಜೆ ಮುಗಿದು ನಾನು ಬ್ಯಾಂಕಿಗೆ ಹೋಗುತ್ತಿದ್ದ ಕಾಲ ಅದು. ಸಂಜೆ ಬಂದು ಸೆರಗಿನಲ್ಲಿ ಮುಖ ಮುಚ್ಚಿ ತೆಗೆಯುವ ಆಟವನ್ನು ನೂರು ಸಲ ಆಡಿದೆವು. ಹೋದ ಅಮ್ಮ ವಾಪಸ್ ಬರುತ್ತಾಳೆ ಅಂತ ಅವಳು ನಂಬಬೇಕಿತ್ತು.

ಬೆಳವಣಿಗೆಗೆ ನಾವು ಮಾಡಿದ್ದು ತುಂಬಾ ಕಡಿಮೆ. ನೆಲದ ಮೇಲೆ ಚಾಪೆ, ಎಚ್ಚರ ಇದ್ದಾಗ ಹೊಟ್ಟೆಯ ಮೇಲೆ ಮಲಗಿಸುವುದು. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಒಟ್ಟು ಅರ್ಧ ಗಂಟೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಒಂದು ವರ್ಷದವರೆಗೆ ಮೊಬೈಲು ಟಿವಿ ಬೇಡ ಅಂತಲೂ. ತೊಟ್ಟಿಲಿಗೆ ಹಾಕಿದ ದಿನ ಉಡುಗೊರೆ ಬಂದ ವಾಕರ್ ಅಟ್ಟದಲ್ಲಿದೆ. ಅದರಿಂದ ಮಗು ಬೇಗ ನಡೆಯುವುದಿಲ್ಲ, ಮೆಟ್ಟಿಲಿನಿಂದ ಉರುಳುತ್ತದೆ, ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೆ ನಡೆದಿದೆ, ನಮ್ಮವಳು ಇನ್ನೂ ಗೋಡೆ ಹಿಡಿಯುತ್ತಾಳೆ. ಭಾರತವೂ ಸೇರಿ 5 ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆರೋಗ್ಯವಂತ ಮಕ್ಕಳು ಸ್ವಂತ ನಡೆದದ್ದು 8 ತಿಂಗಳಿಂದ ಹಿಡಿದು ಸುಮಾರು ಹದಿನೇಳೂವರೆ ತಿಂಗಳವರೆಗೆ. ಅಷ್ಟು ಅಂತರ ಇದೆ. ನಮ್ಮ ಮನೆಯಲ್ಲಿ ನಾನು ಕುಂದಾಪ್ರ ಕನ್ನಡ, ಗಂಡನ ಮನೆಯವರು ತುಳು, ಕೆಳಗಿನ ಮನೆಯವರು ಕೊಂಕಣಿ. ಇಷ್ಟು ಭಾಷೆಯಾದರೆ ಮಾತು ತಡವಾಗ್ತದೆ ಅಂತ ಹೆದರಿಸಿದರು. ಹಾಗೇನಿಲ್ಲ, ಮಕ್ಕಳು ಎರಡು ಮೂರು ಭಾಷೆಯನ್ನು ಆರಾಮಾಗಿ ಹೊರುತ್ತಾರೆ. ಕರಾವಳಿಯಲ್ಲಿ ಬೆಳೆದ ನಮಗೆ ಇದನ್ನು ಯಾರಾದರೂ ಹೇಳಿಕೊಡಬೇಕಾ?

ಆದರೆ ಎಲ್ಲದಕ್ಕೂ ಕಾಯಬೇಡಿ. ಮೂರು ತಿಂಗಳಾದರೂ ಮುಖ ನೋಡಿ ನಗುತ್ತಿಲ್ಲ, ಐದಾದರೂ ಕತ್ತು ನಿಲ್ಲುತ್ತಿಲ್ಲ, ಒಂಬತ್ತಾದರೂ ಕೂರುತ್ತಿಲ್ಲ, ಸದ್ದಿಗೆ ತಿರುಗುತ್ತಿಲ್ಲ, ಕಲಿತದ್ದನ್ನು ಬಿಟ್ಟಿದೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ ಅಂದರೆ ಅಜ್ಜಿಯರನ್ನು ಕೇಳುತ್ತಾ ಕೂರದೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ತಾಯಿ ಕಾರ್ಡಿನಲ್ಲಿ ಯಾವ ತಿಂಗಳಿಗೆ ಏನು ಮಾಡಬೇಕು ಅಂತ ಚಿತ್ರ ಸಮೇತ ಇದೆ. ಚುಚ್ಚುಮದ್ದಿನ ಪುಟ ಬಿಟ್ಟು ಬೇರೆ ಯಾರೂ ತೆರೆಯುವುದಿಲ್ಲ, ಒಮ್ಮೆ ತೆರೆದು ನೋಡಿ.

ತಾಯಿಯ ವಿಷಯವೂ ಹಾಗೇ. ಎರಡು ವಾರ ಕಳೆದರೂ ಅಳು ನಿಲ್ಲುವುದಿಲ್ಲ, ಮಗು ಮಲಗಿದರೂ ತನಗೆ ನಿದ್ದೆ ಬರುವುದಿಲ್ಲ, ಮಗು ಬೇಡ ಅನ್ನಿಸುತ್ತದೆ ಅಂದರೆ ಬಾಣಂತಿ ಸನ್ನಿ ಅಂತ ಹೆದರಿಸಿ ಬಾಯಿ ಮುಚ್ಚಿಸಬೇಡಿ. ಅದಕ್ಕೆ ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಗಳು ಈಗಲೂ ರಾತ್ರಿ ಒಂದು ಸಲ ಏಳುತ್ತಾಳೆ. ಒಂದು ದಿನ ನಾನು, ಒಂದು ದಿನ ಅವಳಪ್ಪ. ಮುಂದಿನ ತಿಂಗಳು ನನ್ನ ತಂಗಿ ಬಾಣಂತನಕ್ಕೆ ಬರುತ್ತಾಳೆ. ನಿನ್ನೆ ತವರಿಗೆ ಹೋಗಿದ್ದೆ. ಅದೇ ಕೋಣೆ, ಅದೇ ಮಳೆ. ಅಮ್ಮ ಬಡಗಿಯನ್ನು ಕರೆಸಿ ಕಿಟಕಿಯ ಬಾಗಿಲು ಸ್ವಲ್ಪ ಹೆರೆಸಿದ್ದಾರೆ, ಅಗುಳಿಗೆ ತೆಂಗಿನೆಣ್ಣೆ ಬಿಟ್ಟಿದ್ದಾರೆ. ಒಂದು ಬೆರಳಿನಲ್ಲಿ ತಳ್ಳಿದರೆ ತೆರೆಯುತ್ತದೆ. ಪಕ್ಕದಲ್ಲಿ ಇನ್ನೊಂದು ಹಾಸಿಗೆ ಸುತ್ತಿ ಇಟ್ಟಿದ್ದರು. ಯಾರಿಗೆ ಅಂತ ಕೇಳಿದೆ. "ಸಣ್ಣ ಅಳಿಯನಿಗೆ" ಅಂದರು.